ತುಂಡಿಗೆ ಎಂಟು

ನನ್ನ ಮಾವನಿಗೆ ಹೊಗಳಿ ಅಭ್ಯಾಸವಿರಲಿಲ್ಲ. ಅವರೇ ಹೊಲಿದ ಕೋಟು ತೊಟ್ಟು ಗಿರಾಕಿ ಕನ್ನಡಿಯೆದುರು ಹಿಗ್ಗುತ್ತಿದ್ದರೆ, ಇವರು ಬೆನ್ನ ಹಿಂದೆ ನಿಂತು "ಎಡ ಭುಜ ಒಂದು ನೂಲು ಇಳಿದಿದೆ, ಬಿಚ್ಚಿ" ಎನ್ನುವವರು. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಮನೆಯ ಮುಂಭಾಗದಲ್ಲೇ ಅವರ ದರ್ಜಿ ಅಂಗಡಿ; ಅದರಲ್ಲಿ ಕಾಜಾ, ಗುಂಡಿ, ಅಂಚಿನ ಕೆಲಸ ನನ್ನದು. ಇಷ್ಟು ವರ್ಷದಲ್ಲಿ ನನ್ನ ಕಾಜಾಗಳಿಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆಯೆಂದರೆ "ನಡೆಯುತ್ತೆ". ಅಡುಗೆಗೆ ಅದೂ ಇಲ್ಲ.

ಅದರಲ್ಲೂ ಭಾನುವಾರದ ಟ್ರೇ ವಿಷಯದಲ್ಲಿ ಅವರನ್ನು ಒಪ್ಪಿಸುವುದು ಯಾರಿಂದಲೂ ಆಗದ ಕೆಲಸ. ಟ್ರೇ ಎಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ. ಕೈಮಾವನ್ನು ಈರುಳ್ಳಿ, ಅರಿಶಿನ, ಜೀರಿಗೆ, ಲವಂಗದ ಜೊತೆ ಹುರಿದು, ಹಾಲಿನಲ್ಲಿ ನೆನೆಸಿ ಹಿಂಡಿದ ಬ್ರೆಡ್ಡು, ಒಂದು ಹಿಡಿ ಒಣದ್ರಾಕ್ಷಿ, ಎರಡು ಸೌಟು ಹಣ್ಣಿನ ಜಾಮ್ ಬೆರೆಸಿ, ಟ್ರೇಗೆ ಒತ್ತಿ, ಮೇಲೆ ಹಾಲು ಮೊಟ್ಟೆ ಕಲಸಿ ಸುರಿದು, ನಾಲ್ಕು ಪಲಾವ್ ಎಲೆ ಚುಚ್ಚಿ ಓವನ್ನಿಗಿಡುವುದು. ಅತ್ತೆಗೆ ಅವರ ತಾಯಿಯಿಂದ ಬಂದದ್ದು, ಆ ತಾಯಿಗೆ ಅವರ ತಾಯಿಯಿಂದ. ಅತ್ತೆ ತೀರಿಕೊಂಡು ಆರು ವರ್ಷವಾಯಿತು, ಅಂದಿನಿಂದ ಟ್ರೇ ನನ್ನ ಪಾಲಿಗೆ. ಮಾವ ನಿಂತುಕೊಂಡೇ ಅದರ ಮೂಲೆಯಿಂದ ಒಂದು ಚಮಚ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, "ಅವಳ ಕೈ ಬೇರೆ" ಎಂದು ತೀರ್ಪು ಕೊಡುವರು. ಮುನ್ನೂರು ಭಾನುವಾರ ಅದೇ ತೀರ್ಪು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಗೊತ್ತಿದ್ದೂ ನಾನು ಪಟ್ಟಿದ್ದೇನೆ.

ತೀರ್ಪಾದ ಮೇಲೆ ಅಳತೆ. ಟ್ರೇಯನ್ನೂ ಸ್ಕೇಲಿಟ್ಟು ಕೊಯ್ಯುವ ಆಸಾಮಿ ಅವರು. ತುಂಡೊಂದು ಮೂರು ಇಂಚಿಗೆ ನಾಲ್ಕು. ಆಮೇಲೆ ಅಂಗಡಿಯ ಪರದೆಯ ಹಿಂದೆ ಹೋಗಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವರು. ಉಳಿದ ಊಟಗಳಿಗೆ ಎಷ್ಟು ಎಂಬುದು ಡಾಕ್ಟರ ಲೆಕ್ಕ. ಟ್ರೇಯ ಲೆಕ್ಕ ಮಾತ್ರ ಅವರದೇ. ಹಲವು ಭಾನುವಾರ ಚುಚ್ಚಿಕೊಂಡು, ರಕ್ತ ನೋಡಿಕೊಂಡು, ಕೊನೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿದ್ದರು: ತುಂಡಿಗೆ ಎಂಟು. ಇನ್ಸುಲಿನ್ ಪೆನ್ನು ತಿರುಗಿಸಿದಾಗ ಒಂದೊಂದು ಯೂನಿಟ್ಟಿಗೂ ಟಿಕ್ ಎನ್ನುತ್ತದೆ. ಅಡುಗೆಮನೆಯಲ್ಲಿ ನಿಂತ ನನಗೆ ವಾರಕ್ಕೊಮ್ಮೆ ಎಂಟು ಟಿಕ್ ಕೇಳಿಸುತ್ತಿತ್ತು. ಒಂಬತ್ತನೆಯದು ಎಂದೂ ಇಲ್ಲ. ನಾನು ಮಾಡಿದ ಟ್ರೇಯಲ್ಲಿ ಅವರು ಎರಡನೇ ತುಂಡು ಮುಟ್ಟಿದವರೇ ಅಲ್ಲ.

ಈ ವರ್ಷ ಅವರ ಕಣ್ಣು ಕೈಕೊಡತೊಡಗಿತು. "ನಂಗೆ ಪುರುಸೊತ್ತಿಲ್ಲ, ದಾರ ಪೋಣಿಸಿಕೊಡು" ಎಂದು ಸೂಜಿಯನ್ನು ನನ್ನ ಕಡೆ ಚಾಚುವರು. ಮಧ್ಯಾಹ್ನ ಅವರು ಅಡ್ಡಾದಾಗ ಅವರು ಹೊಲಿದ ಸೊಟ್ಟ ಅಂಚುಗಳನ್ನು ಬಿಚ್ಚಿ ನಾನು ಮತ್ತೆ ಹೊಲಿದಿಡುತ್ತಿದ್ದೆ. ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ಉಳಿದಿರುವ ದೃಷ್ಟಿಯೂ ಉಳಿಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಮುಖಕ್ಕೇ ಹೇಳಿದರು. ಮಾವ ಆ ಮಾತು ಬೇರೆ ಯಾರಿಗೋ ಹೇಳಿದ್ದೆಂಬಂತೆ ಗೋಡೆ ನೋಡುತ್ತಿದ್ದರು.

ಸಕ್ಕರೆ ಕಾಯಿಲೆಯ ಡಾಕ್ಟರು ಪಥ್ಯದ ಹಾಳೆಯೊಂದನ್ನು ಕೈಗಿತ್ತರು. ತಿನ್ನಬಾರದ್ದರ ಪಟ್ಟಿಯಲ್ಲಿ ಬ್ರೆಡ್ಡು, ಒಣದ್ರಾಕ್ಷಿ, ಜಾಮ್ ಮೂರೂ ಇದ್ದವು. ಮನೆಗೆ ಬಂದವಳೇ ಪಟ್ಟಿಯಷ್ಟನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ದರ್ಜಿಯ ಮನೆಯಲ್ಲಿ ಕಾಗದ ಬಿಸಾಡುವ ಪದ್ಧತಿಯಿಲ್ಲ. ಉಳಿದರ್ಧ ಹಾಳೆಯಲ್ಲಿ ಅಂದೇ ಒಂದು ಕಾಲರಿನ ಅಳತೆ ಕತ್ತರಿಸಿ, ಮೊಳೆಗೆ ತೂಗುಹಾಕಿದ ಅಳತೆ ಕಾಗದಗಳ ಕಟ್ಟಿಗೆ ಸೇರಿಸಿದೆ.

ಮಾವ ಪಟ್ಟಿಯನ್ನು ಓದಲಿಲ್ಲ. "ಟೀಗೆ ಸಕ್ಕರೆ ಬಿಟ್ಟೆ. ಬನ್ನು ಬಿಟ್ಟೆ. ಟ್ರೇ ಬಿಡಲ್ಲ."

"ಟ್ರೇ ಬಿಡಿ ಅಂತ ಯಾರಂದ್ರು ಮಾವ? ಬ್ರೆಡ್ಡು ಮಾತ್ರ ಬಿಡೋಣ."

"ಬ್ರೆಡ್ಡಿಲ್ಲದ್ದು ಟ್ರೇ ಅಲ್ಲ. ನನ್ನ ತಟ್ಟೆಗೆ ಯಾರೂ ಕೈ ಹಾಕೋದು ಬೇಡ."

ನನಗೂ ಹಟ ಬಂತು. ಗೊತ್ತಾಗದ ಹಾಗೆ ಕೈ ಹಾಕಿದರೆ? ಲಾರಿ ಓಡಿಸುವ ನನ್ನ ಗಂಡನಿಗೆ ಫೋನಿನಲ್ಲಿ ಹೇಳಿದಾಗ, "ಅಪ್ಪನ ನಾಲಿಗೇನ ಏಮಾರಿಸ್ತೀಯಾ? ಕನಸು ಕಾಣ್ತಿರು" ಎಂದು ನಕ್ಕರು. ಆ ನಗು ನನ್ನ ಹಟಕ್ಕೆ ತುಪ್ಪ ಸುರಿಯಿತು.

ಎರಡು ವಾರ ಹೆಣಗಿದೆ. ಹೂಕೋಸನ್ನು ತುರಿದು ಬ್ರೆಡ್ಡಿನ ಜಾಗಕ್ಕೆ ಹಾಕಿದರೆ ಟ್ರೇಯೆಲ್ಲ ನೀರು. ಬಾದಾಮಿ ಪುಡಿಯೊಂದನ್ನೇ ಹಾಕಿದರೆ ಮರಳು ಅಗಿದ ಹಾಗೆ. ಕೊನೆಗೆ ತುರಿದ ಹೂಕೋಸನ್ನು ಬೇಯಿಸಿ, ಕೋಟಿನ ಒಳಪದರಕ್ಕೆ ಹಾಕುವ ಅಸ್ತರಿನ ಬಟ್ಟೆಯಲ್ಲಿ ಕಟ್ಟಿ ಹನಿ ನೀರಿಲ್ಲದಂತೆ ಹಿಂಡಿ, ಬಾದಾಮಿ ಪುಡಿ, ಒಂದು ಮೊಟ್ಟೆಯ ಜೊತೆ ಬೆರೆಸಿದಾಗ ಹದ ಬಂತು. ಜಾಮಿನ ಸಿಹಿಗೆ, ಕಂದು ಬಣ್ಣ ಬರುವತನಕ ಸಣ್ಣ ಉರಿಯಲ್ಲಿ ಬಾಡಿಸಿದ ಒಂದಿಷ್ಟು ಈರುಳ್ಳಿ, ಚಿಟಿಕೆ ಚಕ್ಕೆ. ದ್ರಾಕ್ಷಿಯ ಜಾಗಕ್ಕೆ, ನಗಬೇಡಿ, ಬೆರಳ ತುದಿಯಷ್ಟು ಹೆಚ್ಚಿ ಎಣ್ಣೆಯಲ್ಲಿ ಸುಕ್ಕುಗಟ್ಟಿಸಿದ ಬದನೆಕಾಯಿ. ಮೇಲಿನ ಹಾಲಿಗೆ ಬದಲು ಕೆನೆ. ಮಾಡಿದ್ದನ್ನೆಲ್ಲ ಕದ್ದು ನಾನೇ ತಿಂದೆ. ಕೈಮಾ ಎಂದರೆ ಮುಖ ತಿರುಗಿಸುವಷ್ಟು ತಿಂದೆ.

ಶನಿವಾರ ಮನೆಯಲ್ಲಿದ್ದ ಸಕ್ಕರೆ ಡಬ್ಬಿ, ಜಾಮ್ ಬಾಟಲಿ, ದ್ರಾಕ್ಷಿ, ಬ್ರೆಡ್ಡು ಎಲ್ಲವನ್ನೂ ಚೀಲಕ್ಕೆ ತುಂಬಿ ಮೇಲ್ಮನೆಯ ಟೀಚರಿಗೆ ಕೊಟ್ಟುಬಂದೆ. ಮಾವ ಕದ್ದು ತಿನ್ನಲೂ ಏನೂ ಸಿಗಬಾರದು ಎಂಬುದು ನನ್ನ ಜಾಣತನ.

ಭಾನುವಾರ ಒಂದು ಗಂಟೆಗೆ ಟ್ರೇ ಹೊರಗೆ ಬಂತು. ಮೇಲ್ಪದರ ಹೊಂಬಣ್ಣಕ್ಕೆ ತಿರುಗಿತ್ತು. ಮಾವ ಮೂಲೆಯಿಂದ ಒಂದು ಚಮಚ ಮುರಿದರು. ಕಣ್ಣು ಮುಚ್ಚಿದರು. ಅವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಅವಳ ಕೈ ಬಂತು ನೋಡು" ಎಂದರು. "ಇವತ್ತು ಎರಡು ತಿಂತೀನಿ."

ಸ್ಕೇಲಿಟ್ಟು ಎರಡು ತುಂಡು ಕೊಯ್ದು ಪರದೆಯ ಹಿಂದೆ ಹೋದರು. ಟಿಕ್ ಶುರುವಾಯಿತು. ಎಂಟಕ್ಕೆ ನಿಲ್ಲಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಒಂದೊಂದು ಟಿಕ್ಕೂ ನನಗೆ ಚಪ್ಪಾಳೆಯಾಗಿ ಕೇಳಿಸುತ್ತಿತ್ತು. ಹದಿನಾರನ್ನೂ ಎಣಿಸಿದೆ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ತುಂಡಿಗೆ ಎಂಟು ಎಂಬುದು ಬ್ರೆಡ್ಡಿಗೆ, ಜಾಮಿಗೆ, ದ್ರಾಕ್ಷಿಗೆ ಹಾಕಿದ ಲೆಕ್ಕ. ಅದು ಯಾವುದೂ ಇಲ್ಲದ ತುಂಡಿಗೆ ಹದಿನಾರು ಯೂನಿಟ್ ಸೇರಿದರೆ ಆ ಇನ್ಸುಲಿನ್ ಮೈಯಲ್ಲಿರುವ ಸಕ್ಕರೆಯನ್ನೇ ಬಳಿದು ತಿನ್ನುತ್ತದೆ. ಇದನ್ನು ಯೋಚಿಸಲು ಡಾಕ್ಟರಾಗಬೇಕಿರಲಿಲ್ಲ. ನಾನು ಹೊಗಳಿಕೆ ಎಣಿಸುತ್ತಿದ್ದೆ, ಅಷ್ಟೆ.

ಎರಡೂವರೆಗೆ ಪಾತ್ರೆ ತೊಳೆಯುತ್ತಿದ್ದೆ. ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಮಾವನ ಯಂತ್ರದ ಸದ್ದು ನನಗೆ ಬಾಯಿಪಾಠ: ಒಂದು ಗೆರೆ ಓಡಿ ನಿಲ್ಲುತ್ತದೆ, ಬಟ್ಟೆ ತಿರುಗುತ್ತದೆ, ಮತ್ತೆ ಓಡುತ್ತದೆ. ಅಂದು ಅದು ನಿಲ್ಲಲೇ ಇಲ್ಲ. ಸೋಪಿನ ಕೈಯಲ್ಲೇ ಪರದೆ ಸರಿಸಿದೆ.

ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಮಾವನ ಕಾಲು ತನ್ನ ಪಾಡಿಗೆ ತುಳಿಯುತ್ತಿತ್ತು. ಅಂಗಿ ಮೈಗೆ ಅಂಟಿಕೊಂಡಿತ್ತು, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ದೊಡ್ಡ ಕತ್ತರಿ. ಮರುದಿನ ಕೊಡಬೇಕಿದ್ದ ಕೋಟಿನ ತೋಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸುತ್ತಿದ್ದರು.

"ಮಾವ, ಏನ್ ಮಾಡ್ತಿದ್ದೀರಿ?"

"ಭುಜ ಇಳಿದಿದೆ" ಎಂದರು. ನನ್ನನ್ನು ನೋಡಿದರು, ಗುರುತು ಸಿಗಲಿಲ್ಲ. "ನೀವು ನಾಳೆ ಬನ್ನಿ."

ಕತ್ತರಿ ಕಿತ್ತುಕೊಳ್ಳಹೋದೆ, ಬಿಡಲಿಲ್ಲ. ನಡುಗುವ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. ಕೊನೆಗೆ "ಸಾಣೆ ಹಿಡಿಸಿ ತರ್ತೀನಿ, ಕೊಡಿ" ಎಂದಾಗ ಮರ್ಯಾದೆಯಿಂದ ಹಿಡಿ ತಿರುಗಿಸಿ ಕೊಟ್ಟರು. ಬೆರಳಿಗೆ ಚುಚ್ಚಿ ರಕ್ತ ನೋಡಿದೆ. ನಲವತ್ತೊಂದು; ಎಪ್ಪತ್ತಕ್ಕಿಂತ ಇಳಿಯಬಾರದ್ದು. ಆಗ ಆ ಹದಿನಾರು ಟಿಕ್ಕುಗಳು ನನ್ನ ತಲೆಯಲ್ಲಿ ಮತ್ತೊಮ್ಮೆ ಕೇಳಿಸಿದವು. ಈ ಸಲ ಅರ್ಥವಾಯಿತು.

ಸಕ್ಕರೆ ಬೇಕು, ಈಗಲೇ. ಅಡುಗೆಮನೆಗೆ ಓಡಿ ಡಬ್ಬಿಗಳ ಮುಚ್ಚಳ ಕಿತ್ತೆ. ಜೀರಿಗೆ. ಬಾದಾಮಿ. ಅರಿಶಿನ. ಇಡೀ ಮನೆಯಲ್ಲಿ ಒಂದು ಹರಳು ಸಕ್ಕರೆಯಿಲ್ಲದಂತೆ ನಾನೇ ಗುಡಿಸಿಹಾಕಿದ್ದೆ.

ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಿದೆ. ಟೀಚರಿಗೆ ಮಂಡಿನೋವು, ಬಾಗಿಲಿಗೆ ಬರುವುದರೊಳಗೆ ನಾನು ಹತ್ತು ಸಲ ಬಡಿದಿದ್ದೆ.

"ಜಾಮ್ ಕೊಡಿ."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೆ?" ಎಂದು ನಗುತ್ತಾ ಬಂದವರು ನನ್ನ ಸೊಂಟದ ಕತ್ತರಿ ನೋಡಿ ನಗು ನಿಲ್ಲಿಸಿದರು.

"ಮಾವ ಕೈಬಿಟ್ಟು ಹೋಗ್ತಿದ್ದಾರೆ ಟೀಚರ್. ಡಾಕ್ಟ್ರಿಗೆ ಫೋನ್ ಮಾಡಿ, ನಂಬರು ನಮ್ಮ ಫ್ರಿಜ್ ಮೇಲಿದೆ."

ಬಾಟಲಿ ಹಿಡಿದು ಇಳಿದೆ. ಮಾವ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿದ್ದರು. ಕಣ್ಣು ತೆರೆದಿತ್ತು, ಉಗುಳು ನುಂಗುತ್ತಿದ್ದರು. ಚಮಚ ತುಟಿಗೆ ತಂದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಸಿಹಿ ಬೇಡ" ಎಂದರು, ನಾಲಿಗೆ ತೊದಲುತ್ತಾ. "ಡಾಕ್ಟ್ರು ಬೇಡ ಅಂದಿದ್ದಾರೆ."

ಇಷ್ಟು ದಿನ ಕೇಳದ ಮಾತನ್ನು ಈ ಮನುಷ್ಯ ಕೇಳುವುದಕ್ಕೆ ಇದೇ ಗಳಿಗೆ ಸಿಕ್ಕಬೇಕೇ. ಬೇಡಿಕೊಂಡೆ, ಗದರಿದೆ. ಜಾಮ್ ಗಲ್ಲಕ್ಕೆ ಮೆತ್ತಿತು, ಅಂಗಿಗೆ ಸುರಿಯಿತು. ಹಿಂದೆ ಟೀಚರು ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದರು. ಮಾವನ ಕಣ್ಣೆವೆ ಮುಚ್ಚಿಕೊಳ್ಳುತ್ತಾ ಬಂತು. ಮುಚ್ಚಿದರೆ ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ ಎಂದು ನನಗೆ ಗೊತ್ತಿತ್ತು. ಹೆದರಿಕೆಯಲ್ಲಿ ನನಗೇ ತಿಳಿಯದಂತೆ ದನಿ ತಗ್ಗಿಸಿ, ಭಾನುವಾರ ಕೇಳುವ ಹಾಗೆ ಕೇಳಿದೆ.

"ಮಾವ, ರುಚಿ ನೋಡಿ ಹೇಳಿ. ಏನೋ ಕಮ್ಮಿ ಆಗಿದೆ ಅನ್ಸತ್ತೆ."

ಅವರ ಬಾಯಿ ತೆರೆಯಿತು. ತಪ್ಪು ಹುಡುಕಲು ಕರೆದರೆ ಅವರು ಎಲ್ಲಿದ್ದರೂ ಬರುವವರು. ಒಂದು ಚಮಚ. "ಇನ್ನೊಂದ್ಸಲ ನೋಡಿ, ಸರಿಯಾಗಿ ಗೊತ್ತಾಗ್ಲಿಲ್ಲ." ಎರಡು. ಮೂರು. ನಾಲ್ಕನೆಯದಕ್ಕೆ ಹುಬ್ಬು ಗಂಟಿಕ್ಕಿದರು.

"ಸಿಹಿ ಜಾಸ್ತಿ" ಎಂದರು.

ನಾನು ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಟೀಚರು ಬ್ರೆಡ್ಡು ತಂದು ಅವರ ಕೈಗಿಟ್ಟರು. ಕಾಲು ಗಂಟೆಯ ಮೇಲೆ ರಕ್ತ ನೋಡಿದಾಗ ಎಪ್ಪತ್ತೆಂಟು. ಆ ಹೊತ್ತಿಗೆ ಆಟೋ ಬಂತು, ಆಸ್ಪತ್ರೆಗೆ ಹೋದೆವು, ಸಂಜೆಯವರೆಗೆ ಇಟ್ಟುಕೊಂಡರು.

"ಹಾಳೆಯಲ್ಲೇ ಬರೆದಿತ್ತಲ್ಲಮ್ಮ" ಎಂದರು ಡಾಕ್ಟರು. ಮನೆಗೆ ಬಂದು ಮೊಳೆಯ ಕಟ್ಟನ್ನು ಬಿಚ್ಚಿದೆ. ಕಾಲರಿನ ಅಳತೆ ಕಾಗದದ ಹಿಂಬದಿ, ಕುತ್ತಿಗೆಯ ತಿರುವಿನಲ್ಲಿ ಅರ್ಧ ತುಂಡಾಗಿ, ಅಕ್ಷರಗಳಿದ್ದವು: ಇನ್ಸುಲಿನ್ ತೆಗೆದುಕೊಳ್ಳುವವರು ಈ ಊಟ ಶುರುಮಾಡುವ ಮುನ್ನ ಪ್ರಮಾಣವನ್ನು. ಮುಂದಿನದನ್ನು ನನ್ನ ಕತ್ತರಿ ತಿಂದಿತ್ತು.

ಆ ಕಾಗದವನ್ನೇ ಮಾವನ ಮುಂದಿಟ್ಟು ಎಲ್ಲ ಹೇಳಿದೆ. ಹೂಕೋಸು, ಬಾದಾಮಿ, ಬದನೆಕಾಯಿ. ಬೈಯಲಿ ಎಂದು ಕಾದೆ. ಅವರು ಕಾಲರಿನ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದರು. ಓದಲಾಗಲಿಲ್ಲ ಎಂದು ನನಗೆ ತಿಳಿಯಿತು, ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು.

"ನನ್ನ ಅಂಚು ಬಿಚ್ಚಿ ಹೊಲೀತೀಯಲ್ಲ, ಅದೂ ಗೊತ್ತು ನಂಗೆ" ಎಂದರು. "ನಾನೂ ಬಾಯಿ ಬಿಡ್ಲಿಲ್ಲ, ನೀನೂ ಬಿಡ್ಲಿಲ್ಲ. ಇನ್ಮೇಲೆ ಏನ್ ಮಾಡಿದ್ರೂ ಹೇಳಿ ಮಾಡು."

ಗೋಡೆಯ ಮೇಲಿನ ಸೀಮೆಸುಣ್ಣದ ಬರಹವನ್ನು ಅಂಗೈಯಿಂದ ಅವರೇ ಅಳಿಸಿದರು.

ಮುಂದಿನ ಭಾನುವಾರ ಅದೇ ಟ್ರೇ ಮಾಡಿದೆ, ಅದೇ ಹದದಲ್ಲಿ, ಏನೂ ಬದಲಿಸದೆ. ಏನೇನು ಹಾಕಿದ್ದೇನೆ ಎಂದು ಒಂದೊಂದಾಗಿ ಹೇಳಿದೆ. ಬದನೆಕಾಯಿಗೆ ಬಂದಾಗ ಮಾವ "ಛೆ" ಎಂದರು. ಡಾಕ್ಟರು ಬರೆದುಕೊಟ್ಟ ಹೊಸ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ. ಪೆನ್ನನ್ನು ನನ್ನ ಕೈಗೆ ಕೊಟ್ಟು, "ಅಳತೆ ನೀನೇ ತಿರುಗಿಸು, ನಂಗೆ ಅಂಕಿ ಕಾಣಲ್ಲ" ಎಂದರು. ಕಾಣುವುದಿಲ್ಲ ಎಂಬ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಎರಡು ಟಿಕ್. ಇಬ್ಬರೂ ಎಣಿಸಿದೆವು.

ಆಮೇಲೆ ಅವರು ಒಂದು ತುಂಡು ಹಾಕಿಕೊಂಡು ನಿಧಾನವಾಗಿ ಅಗಿದರು.

"ಬ್ರೆಡ್ಡಿಲ್ಲ ಅಂತ ಗೊತ್ತಾಗ್ತಿದೆ" ಎಂದರು. "ಅವಳ ಕೈ ಬೇರೆ."

ಆರು ವರ್ಷ ನನ್ನ ಎದೆಗೆ ಚುಚ್ಚಿದ್ದ ಮಾತು ಅದು. ಅಂದು ಅದನ್ನು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಇನ್ನೊಂದು ಸಲ ಹೇಳಿ ಮಾವ ಎಂದೆ.