ಎರಡು ಕೋಲು

ಜತ್ತಪ್ಪ ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದು ಗಣಿಯ ಮೇನೇಜರ್ ಕಮಲಾಕ್ಷ ಹೇಳಿದಾಗ, ತಾನೇ ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಕೂಸಪ್ಪನಿಗೆ ಅನ್ನಿಸಿತು. ಬೆಳಿಗ್ಗೆ ಇಬ್ಬರೂ ಒಂದೇ ವೀಳ್ಯದೆಲೆಯನ್ನು ಹರಿದು ಹಂಚಿಕೊಂಡು ಒಟ್ಟಿಗೆ ಕೆಳಗಿಳಿದವರು. ನಾಟಿಯ ಸಮಯವಾದ್ದರಿಂದ ಉಳಿದ ಆಳುಗಳು ಬಂದಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಪಿಕ್ಕಾಸಿನ ಹಿಡಿ ಮುರಿಯಿತೆಂದು ಕೂಸಪ್ಪ ಮೇಲೆ ಬಂದ. ಹೊಸ ಹಿಡಿ ಕೂರಿಸುತ್ತಿರುವಾಗಲೇ ಅಂಗಾಲಿನಡಿಯಲ್ಲಿ ನೆಲ ಒಮ್ಮೆ ಅದುರಿತು. ಗಣಿಯ ಬಾಯಿಯಿಂದ ತಣ್ಣನೆಯ ಗಾಳಿ ಬುಸ್ಸೆಂದು ಹೊರಗೆ ಬಂತು. ಜತ್ತಪ್ಪ ಮಾತ್ರ ಬರಲಿಲ್ಲ.

"ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ," ಎಂದ ಕಮಲಾಕ್ಷ. "ಘಟ್ಟ ಹತ್ತಿ ಎಲ್ಲಿಗೋ ಹೋಗಿರಬೇಕು. ನೀನು ಸುಮ್ಮನೆ ಗಲಾಟೆ ಮಾಡಬೇಡ."

"ನಾನು ಅವನ ಜೊತೆಯಲ್ಲೇ ಇದ್ದೆ, ಸ್ವಾಮಿ."

"ನೀನು ಇದ್ದದ್ದು ಕಳ್ಳಸರಾಯಿ ಗುಡಿಸಲಲ್ಲಿ ಅಂತ ಹೇಳುವ ಜನ ನನ್ನಲ್ಲಿ ಉಂಟು."

ಕೂಸಪ್ಪ ಜೀವಮಾನದಲ್ಲಿ ಸರಾಯಿ ಮುಟ್ಟಿದವನಲ್ಲ.

ಮುಂಡಾಜೆಯಿಂದ ಒಂದು ಹರದಾರಿ ಒಳಗಿರುವ ಕಡಂಬಿಲ ಗುಡ್ಡೆಯಲ್ಲಿ ಗೊಬ್ಬರದ ಕಲ್ಲು ಉಂಟೆಂದು ಗೊತ್ತಾದದ್ದು ಸಾವಿರದ ಒಂಬೈನೂರ ಐವತ್ತೈದರಲ್ಲಿ. ಬಾವಿ ತೋಡುವಾಗ ಸಿಕ್ಕಿದ ಹಸಿರು ಛಾಯೆಯ ಕಲ್ಲನ್ನು ಯಾರೋ ಪರೀಕ್ಷೆಗೆ ಕಳಿಸಿದರು. ಅದರಲ್ಲಿ ರಂಜಕ ಉಂಟು, ಪುಡಿ ಮಾಡಿ ಗದ್ದೆಗೆ ಹಾಕಬಹುದು ಎಂಬ ಉತ್ತರ ಬಂತು. ಮರುವರ್ಷವೇ ಮೂಡಬಿದ್ರೆಯಲ್ಲಿ ಒಂದು ಕಂಪನಿ ಹುಟ್ಟಿ ಬೋರ್ಡು ತೂಗುಹಾಕಿತು. ನೆಲದಡಿಯಲ್ಲಿ ಕೊರೆಯಬಲ್ಲವರು ಯಾರೆಂದು ಹುಡುಕಿದಾಗ ಎಲ್ಲರೂ ವಿಟ್ಲದ ಕಡೆಗೆ ಕೈ ತೋರಿಸಿದರು. ಅಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವವರು ತಲೆತಲಾಂತರದಿಂದ ಇದ್ದರು. ಕೂಸಪ್ಪ, ಜತ್ತಪ್ಪ ಇಬ್ಬರೂ ಹಾಗೆ ಬಂದವರು.

ಆ ಗುಡ್ಡವನ್ನು ಕೂಸಪ್ಪ ತನ್ನ ಅಂಗೈಯಷ್ಟೇ ಚೆನ್ನಾಗಿ ಬಲ್ಲ. ಮೇಲೆ ಗಟ್ಟಿ ಕೆಂಪು ಮುರಕಲ್ಲು. ಅದರ ಕೆಳಗೆ ಬೆಣ್ಣೆಯಂಥ ಬಿಳಿ ಶೇಡಿಮಣ್ಣಿನ ಪದರ. ಅದಕ್ಕೂ ಕೆಳಗೆ ಕರಿಬಂಡೆ. ಬಂಡೆಯ ಸೀಳಿನಲ್ಲಿ ಮೂಡಣಕ್ಕೆ ಹರಿದ ಹಸಿರು ಕಲ್ಲಿನ ಎಳೆ. ಎಳೆಯನ್ನು ಹಿಂಬಾಲಿಸಿ ದಾರಿ ಕೊರೆದರೆ ಅರ್ಧದಲ್ಲಿ ತಲೆಯ ಮೇಲೆ ಬರುವುದು ಶೇಡಿಯೇ. ಬೇಸಗೆಯಲ್ಲಿ ಅದು ನಿಲ್ಲುತ್ತದೆ, ನೀರು ಕುಡಿದರೆ ಇಳಿಯುತ್ತದೆ. "ಮಳೆ ಹಿಡಿಯುವ ಮೊದಲು ಆಸರೆ ಕೊಡುವ ಕಂಬ ಹಾಕಿಸಿ, ಇಲ್ಲದಿದ್ದರೆ ಕೆಲಸ ನಿಲ್ಲಿಸಿ," ಎಂದು ಅವನು ಮೇ ತಿಂಗಳಲ್ಲೇ ಹೇಳಿದ್ದ. ಪರಿಶೀಲನೆಗೆ ಬಂದ ಅಧಿಕಾರಿಯೂ ಅದನ್ನೇ ಬರೆದಿಟ್ಟು ಹೋಗಿದ್ದರು. ಕಂಬದ ಮರ ಬಂತು; ಕಮಲಾಕ್ಷನ ಹೊಸ ಬಂಗಲೆಯ ಮಾಡಿನ ಜಂತಿಗೆ ಹೋಯಿತು. ಐವತ್ತೊಂಬತ್ತರ ಜೂನ್‌ನಲ್ಲಿ ಗಣಿ ಕುಸಿಯಿತು.

ಈಗ ಒಳಗೊಬ್ಬ ಸತ್ತಿದ್ದಾನೆಂದು ಒಪ್ಪಿಕೊಂಡರೆ ಕಮಲಾಕ್ಷ ಜೈಲಿಗೆ ಹೋಗಬೇಕು. ಹಾಗಾಗಿ ಮೂರನೆಯ ದಿನ ಗಣಿಯ ಬಾಯಿಗೆ ಕಲ್ಲುಮಣ್ಣು ಸುರಿಸಿ ಮುಚ್ಚಿಸಿದ.

ಜತ್ತಪ್ಪನ ಹೆಂಡತಿ ಸುಂದರಿಯನ್ನು ಕರೆದುಕೊಂಡು ಕೂಸಪ್ಪ ಬೆಳ್ತಂಗಡಿಗೆ ನಡೆದ. ತಾಲೂಕು ಕಚೇರಿಯಲ್ಲಿ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಹೆಣ ಎಲ್ಲಿ ಉಂಟು?"

"ಗಣಿಯ ಒಳಗೆ."

"ತೆಗೆದುಕೊಂಡು ಬನ್ನಿ. ಹೆಣ ಇಲ್ಲದೆ ಸಾವು ಬರೆಯಲಿಕ್ಕೆ ಆಗುವುದಿಲ್ಲ."

"ಗಣಿಯ ಬಾಯಿಯನ್ನು ಅವರು ಮುಚ್ಚಿದ್ದಾರಲ್ಲ, ಸ್ವಾಮಿ?"

"ಅದು ಕಂಪನಿಯ ಜಾಗ. ಅಪ್ಪಣೆ ಇಲ್ಲದೆ ನೀವು ಅಲ್ಲಿ ಕಾಲಿಡುವ ಹಾಗಿಲ್ಲ."

ಸುಂದರಿ ಕಚೇರಿಯ ಮೆಟ್ಟಿಲಲ್ಲಿ ಕುಳಿತಳು. ಅಳಲಿಲ್ಲ. "ಓಡಿಹೋದವನ ಹೆಂಡತಿ ಅಂತ ನಾನು ಊರಲ್ಲಿ ಹೇಗೆ ತಲೆ ಎತ್ತುವುದು, ಕೂಸಣ್ಣ?" ಎಂದಳು. ಕೂಸಪ್ಪನಿಗೆ ಸಿಟ್ಟು ಏರಿತು. ಬದುಕಿದ್ದಾಗ ಮೂಗು ಹಿಡಿದು ದುಡಿಸಿದರು, ಸತ್ತ ಮೇಲೆ ಹೆಸರಿಗೂ ಮಣ್ಣು ಹಾಕಿದರು. ವಾಪಸು ಬರುವ ದಾರಿಯುದ್ದಕ್ಕೂ ಅವನು ಮನಸ್ಸಿನಲ್ಲೇ ಗುಡ್ಡವನ್ನು ಅಳೆಯುತ್ತಿದ್ದ.

ಗಣಿಯ ಬಾಯಿ ಗುಡ್ಡದ ಪಡುವಣಕ್ಕೆ. ಅಲ್ಲಿಂದ ಮೂಡಣಕ್ಕೆ ಹೋದ ದಾರಿ ನಲವತ್ತೆರಡು ಕೋಲು ಉದ್ದ. ಕೋಲು ಎಂದರೆ ಎರಡೂವರೆ ಅಡಿ. ಒಂದೊಂದು ಕೋಲನ್ನೂ ಕೂಸಪ್ಪನೇ ಅಳೆದು ಕೊರೆದದ್ದು. ಗುಡ್ಡ ಮೂಡಣ ಬದಿಯಲ್ಲಿ ಕಡಿದಾಗಿ ತೋಡಿಗೆ, ಒಂದು ಸಣ್ಣ ಹಳ್ಳಕ್ಕೆ, ಇಳಿಯುತ್ತಿತ್ತು. ಅಲ್ಲಿಂದ ಒಳಗೆ ಕೊರೆದರೆ ಹದಿನೆಂಟು ಕೋಲಿಗೆ ದಾರಿಯ ತುದಿ ಸಿಗಬೇಕು. ಆ ಬದಿಯ ಜಾಗ ಚಹಾದ ಅಂಗಡಿ ಇಟ್ಟಿದ್ದ ಮೈಮೂನಮ್ಮನದು.

ವಿಷಯ ಕೇಳಿ ಮೈಮೂನಮ್ಮ ಒಲೆಯಿಂದ ಕೆಟಲ್ ಇಳಿಸಿಟ್ಟಳು. "ನಾಳೆಯಿಂದಲೇ ತೋಡು," ಎಂದಳು.

ನಾಲ್ಕು ದಿನಕ್ಕೆ ಕಮಲಾಕ್ಷನಿಗೆ ಸುದ್ದಿ ಮುಟ್ಟಿತು. ಕೊಡೆ ಹಿಡಿದು ತೋಡು ದಾಟಿ ಬಂದ.

"ಏನು ನಡೀತಾ ಉಂಟು ಇಲ್ಲಿ?"

"ನನಗೆ ನೀರಿಗೆ ಕಷ್ಟ," ಎಂದಳು ಮೈಮೂನಮ್ಮ. "ಸುರಂಗ ತೋಡಿಸ್ತಾ ಇದ್ದೇನೆ."

"ಈ ಜಡಿಮಳೆಗೆ ನೀರಿಗೆ ಕಷ್ಟವೋ?"

"ಮಾರ್ಚಿಗೆ ಬೇಕಲ್ಲ. ಒಳಗೆ ಯಾರೂ ಇಲ್ಲ ಅಂತ ನೀವೇ ಹೇಳಿದ್ದೀರಿ. ಮತ್ತೆ ನಾನು ನನ್ನ ಜಾಗದಲ್ಲಿ ತೋಡಿಸಿದರೆ ನಿಮಗೇನು ಹೆದರಿಕೆ?"

ಕಮಲಾಕ್ಷ ಬಂದ ದಾರಿಯಲ್ಲೇ ತಿರುಗಿ ಹೋದ.

ಕೂಸಪ್ಪ ಕುಕ್ಕರುಗಾಲಲ್ಲಿ ಕುಳಿತು ಕೊರೆದ. ಸುಂದರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊರಗೆ ಹಾಕಿದಳು. ಶೇಡಿ ತಲೆಯ ಮೇಲೆ ಬರದಂತೆ ಅವನು ಮುರಕಲ್ಲಿನ ಒಂದು ಗಟ್ಟಿ ನಾಲಿಗೆಯ ಅಡಿಯಲ್ಲೇ ಸಾಗಿದ. ಉಸಿರಾಡುವ ಗಾಳಿ ಉಂಟೋ ಎಂದು ತಿಳಿಯಲು ಮುಂದೆ ಮೋಂಬತ್ತಿ ಹಚ್ಚಿಟ್ಟ. ಹದಿನೈದು ಕೋಲು ದಾಟಿದಾಗ ಗೋಡೆ ಬೆವರತೊಡಗಿತು. ಆಚೆ ನೀರು ನಿಂತಿದೆ, ಒಮ್ಮೆಲೇ ಒಡೆದರೆ ತನ್ನನ್ನೂ ಕೊಚ್ಚಿಕೊಂಡು ಹೋಗುತ್ತದೆ ಎಂದು ಅರಿತು, ಉದ್ದನೆಯ ಹಾರೆಕೋಲಿನಿಂದ ಬೆರಳಷ್ಟು ದಪ್ಪದ ತೂತು ಮಾಡಿ ಹೊರಗೆ ಬಂದ. ಎರಡು ದಿನ ಹಾಲಿನಂಥ ನೀರು ಹರಿದು ತೋಡು ಸೇರಿತು. ಮೂರನೆಯ ದಿನ ಅವನೊಬ್ಬನೇ ಒಳಗೆ ಹೋಗಿ ಉಳಿದ ಗೋಡೆಯನ್ನು ಕೆಡವಿದ.

ಜತ್ತಪ್ಪ ಅಲ್ಲೇ ಇದ್ದ, ಮೂಡಣಕ್ಕೆ ಮುಖ ಮಾಡಿ, ಬದಿಯ ಗೋಡೆಗೆ ಒರಗಿ. ಕಿವಿಯ ಒಂಟಿಯಿಂದ ಅವನೇ ಎಂದು ಗುರುತು ಹಿಡಿಯಬೇಕಾಯಿತು. ಕೂಸಪ್ಪ ವಲ್ಲಿಯಿಂದ ಮೂಗು ಮುಚ್ಚಿಕೊಂಡು ಮೋಂಬತ್ತಿ ಎತ್ತಿದ. ಆಗ ಅವನಿಗೆ ಲೆಕ್ಕ ತಪ್ಪಿದ್ದು ಹೊಳೆಯಿತು. ಹದಿನೆಂಟು ಕೋಲಿಗೆ ಸಿಗಬೇಕಾದ ದಾರಿ ಹದಿನಾರಕ್ಕೇ ಸಿಕ್ಕಿತ್ತು. ಅವನ ಅಳತೆ ಯಾವತ್ತೂ ತಪ್ಪಿದ್ದಲ್ಲ. ಬೆಳಕನ್ನು ಗೋಡೆಗೆ ಹಿಡಿದ. ಎಡಗೈ ಆಳಿನ ಪಿಕ್ಕಾಸಿನ ಗುರುತುಗಳು, ಒಂದರ ಪಕ್ಕ ಒಂದು, ಸಾಲಾಗಿ. ಜತ್ತಪ್ಪ ಎಡಚ.

ಕುಸಿದದ್ದು ದಾರಿಯ ನಡುವೆ. ಆಗ ಅವನು ಸತ್ತಿರಲಿಲ್ಲ. ತೋಡಿನ ಬದಿ ಹತ್ತಿರವೆಂದು ಅವನಿಗೂ ಗೊತ್ತಿತ್ತು. ಕತ್ತಲಲ್ಲಿ ಒಬ್ಬನೇ ಎರಡು ಕೋಲು ಕೊರೆದಿದ್ದ. ಅಂಥ ನೆಲದಲ್ಲಿ ಒಬ್ಬ ಆಳಿಗೆ ದಿನಕ್ಕೆ ಒಂದೇ ಕೋಲು ಸಾಗುವುದು.

ಎರಡು ದಿನ. ಮೇಲೆ ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಅಳಿಸುತ್ತಿದ್ದಾಗ ಕೆಳಗೆ ಅವನು ಕೊರೆಯುತ್ತಿದ್ದ. ಕೂಸಪ್ಪ ಆ ಗೋಡೆಗೆ ಹಣೆ ಹಚ್ಚಿ ಎಷ್ಟೋ ಹೊತ್ತು ನಿಂತ.

ಹೆಣವನ್ನು ಚಾಪೆಯಲ್ಲಿ ಸುತ್ತಿ, ಮೈಮೂನಮ್ಮ ಗೊತ್ತು ಮಾಡಿಕೊಟ್ಟ ಎತ್ತಿನಗಾಡಿಯಲ್ಲಿ ಹಾಕಿ, ಅವರು ನೇರ ಬೆಳ್ತಂಗಡಿಯ ಕಚೇರಿಯ ಮುಂದೆ ನಿಲ್ಲಿಸಿದರು. "ತಂದಿದ್ದೇವೆ," ಎಂದ ಕೂಸಪ್ಪ. "ಈಗ ಬರೆಯಿರಿ."

ಗುಮಾಸ್ತರು ಬರೆದರು. ಕೇಸು ಮೂರು ವರ್ಷ ನಡೆಯಿತು. ಮೇನೇಜರಿಗೆ ಆರು ತಿಂಗಳ ಸಜೆಯಾಯಿತು. ಮೇಲಿನ ಕೋರ್ಟಿನಲ್ಲಿ ಅದು ದಂಡಕ್ಕೆ ಇಳಿಯಿತು. ಕಂಪನಿಯ ಬೋರ್ಡು ಒಂದು ದಿನ ಮೂಡಬಿದ್ರೆಯಿಂದ ಮಾಯವಾಯಿತು. ಸುಂದರಿಯನ್ನು ಓಡಿಹೋದವನ ಹೆಂಡತಿ ಎಂದು ಮತ್ತೆ ಯಾರೂ ಅನ್ನಲಿಲ್ಲ. ಆದರೆ ಕೂಸಪ್ಪನ ಸಿಟ್ಟು ಇಳಿಯಲಿಲ್ಲ. ಮುಚ್ಚದೆ ಬಿಟ್ಟು ಅಗೆದಿದ್ದರೆ ಬದುಕುತ್ತಿದ್ದ ಎಂಬ ಮಾತನ್ನು ತೀರ್ಪಿನಲ್ಲಿ ಯಾರೂ ಬರೆದಿರಲಿಲ್ಲ.

ಅರವತ್ತನಾಲ್ಕರಲ್ಲಿ ಲೋಕನಾಥ ಎಂಬ ಭೂಗರ್ಭ ಸರ್ವೆಯವರು ಮುಚ್ಚಿದ ಗಣಿಯ ವರದಿ ಬರೆಯಲು ಬಂದರು. ಕಲ್ಲಿನ ಪದರಗಳನ್ನು ತೋರಿಸಲು ಕೂಸಪ್ಪನನ್ನೇ ಕರೆದರು. ಅವನು ಮೈಮೂನಮ್ಮನ ಸುರಂಗದಿಂದ ಒಳಗೆ ಕರೆದೊಯ್ದು ಮುರಕಲ್ಲು, ಶೇಡಿ, ಬಂಡೆ, ಹಸಿರು ಎಳೆ ಎಲ್ಲ ತೋರಿಸಿದ. ಕೊನೆಗೆ ಆ ಗೋಡೆಯ ಮುಂದೆ ನಿಲ್ಲಿಸಿ ನಡೆದದ್ದನ್ನು ಹೇಳಿದ.

"ಇದನ್ನೂ ಬರೆಯಿರಿ," ಎಂದ.

ಲೋಕನಾಥರು ತಡವರಿಸಿದರು. "ನನ್ನದು ಕಲ್ಲಿನ ವರದಿ, ಕೂಸಪ್ಪ. ಮನುಷ್ಯರ ವಿಷಯ ಅದರಲ್ಲಿ ಬರುವುದಿಲ್ಲ."

"ಗುರುತು ಇರುವುದು ಕಲ್ಲಿನ ಮೇಲೆಯೇ ಅಲ್ಲವಾ?"

ಲೋಕನಾಥರು ಚೀಲದಿಂದ ಟೇಪು ತೆಗೆದು, ಒಂದು ತುದಿಯನ್ನು ಕೂಸಪ್ಪನ ಕೈಗೆ ಕೊಟ್ಟರು.

"ಹಿಡಿ. ಅಳೆಯುವ."