ಹಗುರ ಕೋಲು

ದೊಡ್ಡಪ್ಪ ಮಾಡಿದ ಗಾಳಕೋಲಿನ ತುದಿ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಕಡಿಮೆ. ನಡುಮನೆಯ ಗೋಡೆಗೆ ಎರಡು ಮರದ ಗೂಟ ಹೊಡೆದು ಅದನ್ನು ಅಡ್ಡಲಾಗಿ ಇಟ್ಟಿರುತ್ತಿದ್ದರು. ದೊಡ್ಡಮ್ಮ ಅಡುಗೆಮನೆಯಲ್ಲಿ ರುಬ್ಬುಗುಂಡು ತಿರುಗಿಸಿದರೆ ತುದಿ ನಡುಗುತ್ತಿತ್ತು; ಯಾರಾದರೂ ಬಾಗಿಲು ತೆರೆದರೆ ಬನ್ನಿ ಎಂಬಂತೆ ತಲೆಯಾಡಿಸುತ್ತಿತ್ತು. ಈ ಮನೆಯಲ್ಲಿ ನಿಟ್ಟುಸಿರು ಬಿಡುವುದಕ್ಕೂ ಹೆದರಬೇಕು, ಕೋಲು ಎಲ್ಲರಿಗೂ ಹೇಳಿಬಿಡುತ್ತದೆ ಎಂದು ದೊಡ್ಡಮ್ಮ ನಗುತ್ತಿದ್ದರು.

ದೊಡ್ಡಪ್ಪನ ಹೆಸರು ಚಲುವೇಗೌಡ. ಊರಿನ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ನನ್ನ ಅಪ್ಪನ ಅಣ್ಣ. ನಾನು ಇನ್ನೂ ತೊದಲು ಮಾತಾಡುವಾಗಲೇ ಅಪ್ಪ ಹೊಳೆಯ ಪಾಲಾದರು. ಆಮೇಲೆ ಅಮ್ಮ ಜ್ವರದಲ್ಲಿ ಹೋದಳು. ನನ್ನನ್ನು ಸಾಕಿದ್ದು ದೊಡ್ಡಪ್ಪ, ದೊಡ್ಡಮ್ಮ. ಅಪ್ಪನ ಬಗ್ಗೆ ಕೇಳಿದಾಗಲೆಲ್ಲ ‘ಹೊಳೆ ಪಾಲಾದ’ ಎನ್ನುವ ಒಂದೇ ಮಾತು ಸಿಗುತ್ತಿತ್ತು. ಅದರಾಚೆ ದೊಡ್ಡಮ್ಮ ಸೆರಗು ಕೊಡವಿಕೊಂಡು ಎದ್ದುಹೋಗುತ್ತಿದ್ದರು. ತಮ್ಮನನ್ನು ನುಂಗಿದ ಹೊಳೆಗೇ ದೊಡ್ಡಪ್ಪ ಪ್ರತಿ ಭಾನುವಾರ ಹೋಗುವುದನ್ನು ಕಂಡು ಊರವರು ಆಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಅದು ಒಗಟಾಗಿತ್ತು. ಆದರೆ ಹೊಳೆಯ ರುಚಿ ಹತ್ತಿದ ಮೇಲೆ ಒಗಟನ್ನು ಬದಿಗಿಟ್ಟು ನಾನೂ ಅವರ ಹಿಂದೆ ಹೊರಡತೊಡಗಿದೆ.

ನಮ್ಮದು ಬೆಟ್ಟದ ಮಡಿಲಿನ ಊರು. ಹೊಳೆಯ ನೀರು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಯಾವ ಕಾಲದಲ್ಲೋ ಯಾರೋ ತಂದು ಬಿಟ್ಟಿದ್ದ ಟ್ರೌಟ್ ಮೀನು ಆ ನೀರಿನಲ್ಲಿ ನೆಲೆ ನಿಂತಿತ್ತು. ಮೈತುಂಬ ಚುಕ್ಕೆ ಇದ್ದುದರಿಂದ ನಮ್ಮವರ ಬಾಯಲ್ಲಿ ಅದು ಚುಕ್ಕೆಮೀನು. ಅದು ಎರೆಹುಳಕ್ಕೆ ಅಷ್ಟಾಗಿ ಒಲಿಯುವುದಲ್ಲ. ಕೊಕ್ಕೆಗೆ ಕೋಳಿಯ ಗರಿ ಸುತ್ತಿ ನೊಣದಂತೆ ಮಾಡಿ, ಅದು ನೀರಿನ ಮೇಲೆ ತಾನಾಗಿಯೇ ಬಂದು ಕೂತಿತೆನ್ನುವ ಹಾಗೆ ಎಸೆಯಬೇಕು. ಹಾಗೆ ಎಸೆಯುವ ಕೋಲು ಹಗುರವಿರಬೇಕು ಎನ್ನುವುದು ದೊಡ್ಡಪ್ಪನ ಹಟ. ಬಿದಿರನ್ನು ಸೀಳಿ, ಹೆರೆದು, ಸೀಳುಗಳನ್ನು ಮತ್ತೆ ಅಂಟಿಸಿ, ರೇಷ್ಮೆದಾರ ಸುತ್ತಿ ಅವರು ಒಂದು ಕೋಲು ಮುಗಿಸುವ ಹೊತ್ತಿಗೆ ಒಂದು ಮಳೆಗಾಲ ಕಳೆಯುತ್ತಿತ್ತು. ಮುಗಿದದ್ದನ್ನು ಅಂಗೈ ಮೇಲೆ ಇಟ್ಟುಕೊಂಡು, ಇನ್ನೂ ಭಾರ ಎಂದು ಮುಖ ಸಿಂಡರಿಸಿ, ಮತ್ತೆ ಹೆರೆಯುತ್ತಿದ್ದರು. ಹಾಗೆ ಮುಗಿದ ಒಂದನ್ನು ನನಗೆ ಕೊಟ್ಟಿದ್ದರು, ಗೋಡೆಯ ಮೇಲಿನದನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ.

ಆ ಹಗುರದ ಸುಖವನ್ನು ಹಿಡಿದವರೇ ಬಲ್ಲರು. ಕೈಯಲ್ಲಿ ಕೋಲಿದೆ ಎನ್ನುವುದೇ ಮರೆತುಹೋಗುತ್ತದೆ. ಮೀನು ಗರಿಯನ್ನು ಮೂಸಿ ನೋಡಿ ಹಿಂದೆ ಸರಿದರೂ ಅಂಗೈಗೆ ಸುದ್ದಿ ಬರುತ್ತದೆ. ಅದು ಕಚ್ಚಿ ಓಡಿದಾಗ ಕೋಲು ಹಿಡಿಯವರೆಗೂ ಬಾಗಿ, ಕೂದಲಿನಷ್ಟು ತೆಳುವಾದ ದಾರವನ್ನು ಕಡಿಯಗೊಡದೆ ಕಾಯುತ್ತದೆ. ಆಗ ಮಾಡಬೇಕಾದದ್ದು ಒಂದೇ, ಹಿಡಿಯ ಬಳಿ ದಾರ ಸುತ್ತಿಟ್ಟ ರಾಟೆಯಿಂದ ದಾರ ಬಿಡುತ್ತಾ ಹೋಗುವುದು. ನಮ್ಮೂರಿನ ಗಾಳದವರು ಇದಕ್ಕೆ ‘ಬಿಡು’ ಎಂದಷ್ಟೇ ಹೇಳುತ್ತಿದ್ದರು. ದಡದಲ್ಲಿ ನಿಂತವರು ಬಿಡು ಎಂದು ಕೂಗಿದರೆ ದಾರ ಬಿಡು ಎಂದೇ ಅರ್ಥ, ಬೇರೆ ಅರ್ಥ ಯಾರ ತಲೆಗೂ ಹೋಗುತ್ತಿರಲಿಲ್ಲ.

ಊರಿನ ಉಳಿದವರದು ತೊಲೆಯಂಥ ಕೋಲುಗಳು. ಪ್ರತಿ ಕೋಲಿನ ಹಿಡಿಗೊಂದು ಕುಣಿಕೆ, ಆ ಕುಣಿಕೆ ಮುಂಗೈಗೆ. ಕೋಲು ನೀರುಪಾಲಾಗದಿರಲಿ ಎಂದು ಹಿಂದಿನಿಂದ ಬಂದ ಪದ್ಧತಿ. ದೊಡ್ಡಪ್ಪ ಮಾತ್ರ ತಾವು ಮಾಡಿದ ಯಾವ ಕೋಲಿಗೂ ಕುಣಿಕೆ ಕಟ್ಟಲಿಲ್ಲ, ಯಾರು ಕೇಳಿದರೂ ಕಾರಣ ಹೇಳಲಿಲ್ಲ. ಸೌದೆ ಡಿಪೋದ ಹನುಮೇಗೌಡರಿಗೆ ಇದೊಂದು ನಗೆಪಾಟಲಿನ ವಿಷಯ.

“ಏನ್ ಮೇಷ್ಟ್ರೇ, ಈ ಪೊರಕೆಕಡ್ಡೀಲಿ ಮೀನು ಹಿಡೀತೀರೋ, ಮೀನಿಗೆ ಕಚಗುಳಿ ಇಡ್ತೀರೋ?” ಎನ್ನುತ್ತಿದ್ದರು. ದೊಡ್ಡಪ್ಪ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಬಾಯಿಗೆ ಬಾಯಿ ಕೊಡುವುದು ನನ್ನ ಹುಟ್ಟುಗುಣ. ಒಂದು ದಿನ ತಡೆಯಲಾರದೆ, ಮುಂದಿನ ಗಾಳದ ದಿನ ಇಂಥ ಕಡ್ಡಿಯಲ್ಲೇ ಮಡುವಿನ ದೊಡ್ಡ ಮೀನು ಹಿಡಿದು ತೋರಿಸುತ್ತೇನೆ, ಆಗ ನಿಮ್ಮ ತೊಲೆಯನ್ನು ಒಲೆಗೆ ಹಾಕಿ ಎಂದುಬಿಟ್ಟೆ. ಹನುಮೇಗೌಡರು ಆಗಲಿ ತಾಯಿ ಎಂದರು. ಮಾತು ಊರೆಲ್ಲ ಹರಡಿತು.

ಗಾಳದ ದಿನವೆಂದರೆ ವರ್ಷಕ್ಕೊಮ್ಮೆ ಎಲ್ಲರೂ ಹೊಳೆಗೆ ಇಳಿಯುವ ದಿನ. ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಬೆಟ್ಟದ ನೆತ್ತಿಯ ಮೇಲೆ ಮಾತ್ರ ಕಂಬಳಿ ಹೊದೆಸಿದಂತೆ ಮೋಡ ಕೂತಿತ್ತು. ಮೇಲೆ ಮಳೆಯಾದರೆ ಕೆಳಗೆ ಬಿಸಿಲಿದ್ದರೂ ಹೊಳೆ ಏರುತ್ತದೆ, ಅದು ಊರಿನ ಮಕ್ಕಳಿಗೂ ಗೊತ್ತು. ದೊಡ್ಡಪ್ಪ ಮೋಡವನ್ನು ನೋಡಿದರು, ನನ್ನ ಮುಖ ನೋಡಿದರು. ಇವತ್ತು ನಡುಬಂಡೆಗೆ ಹೋಗುವುದು ಬೇಡ, ದಡದಿಂದಲೇ ಎಸೆ ಎಂದರು. ದಡದಿಂದ ಎಸೆದರೆ ಗರಿ ಮಡುವಿಗೆ ಮುಟ್ಟುವುದಿಲ್ಲ ಎಂದು ನಾನು ಸೀರೆ ಎತ್ತಿಕಟ್ಟಿ ನೀರಿಗಿಳಿದೆ. ಹನುಮೇಗೌಡರು ಎದುರಿಗೇ ನಿಂತು ಎಲೆಅಡಿಕೆ ಮೆಲ್ಲುತ್ತಿದ್ದರು. ಹಿಂದೆ ಸರಿಯುವ ಮಾತೇ ಇರಲಿಲ್ಲ.

ನಡುಬಂಡೆ ಹೊಳೆಯ ಮಧ್ಯದಲ್ಲಿ ಮೊಣಕಾಲು ಮುಳುಗುವಷ್ಟು ನೀರಿನಡಿ ಹಾಸಿಕೊಂಡಿರುವ ಚಪ್ಪಟೆ ಕಲ್ಲು. ಅದರಾಚೆ ಮಡು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೊಮ್ಮೆ ಗರಿ ನೀರು ಮುಟ್ಟಿದ ಜಾಗದಲ್ಲಿ ಒಂದು ಸುಳಿ ಎದ್ದಿತು, ಕೋಲು ಬಿಲ್ಲಾಯಿತು. ರಾಟೆ ಕಿರ್ರೆಂದು ತಿರುಗಿತು. ಅಂಥ ಭಾರವನ್ನು ನನ್ನ ಕೈ ಅದುವರೆಗೆ ಕಂಡಿರಲಿಲ್ಲ. ದಡದಿಂದ ಯಾರೋ ಸಿಳ್ಳೆ ಹಾಕಿದರು.

ಮೀನು ಮಡುವಿನ ಆಳಕ್ಕೆ ಹೋಯಿತು, ಮೇಲೆ ಬಂತು, ಮತ್ತೆ ಆಳಕ್ಕೆ ಹೋಯಿತು. ನನ್ನ ಜೀವವೆಲ್ಲ ಅಂಗೈಗೆ ಬಂದು ಕೂತಿತ್ತು. ನೀರಿನ ಬಣ್ಣ ಚಹಾದಂತಾದದ್ದನ್ನು ನಾನು ಕಂಡೆ, ಕಂಡರೂ ಕಾಣಲಿಲ್ಲ. ಒಣಗಿದ ಎಲೆಗಳು, ಒಂದು ಮುರಿದ ಕೊಂಬೆ ನನ್ನನ್ನು ಸವರಿಕೊಂಡು ಹೋದವು. ಮೊಣಕಾಲಿನಲ್ಲಿದ್ದ ನೀರು ತೊಡೆಗೆ ಬಂದಿತ್ತು. ಹೊಳೆಯ ಸದ್ದು ದಪ್ಪವಾಗಿತ್ತು. ಆ ಸದ್ದಿನೊಳಗಿಂದ ದೊಡ್ಡಪ್ಪನ ದನಿ ಕೇಳಿಸಿತು.

“ಬಿಡು! ಬಿಡು ಮಗಾ!”

ನಾನು ದಾರ ಬಿಟ್ಟೆ. ದೊಡ್ಡಪ್ಪ ನೋಡುತ್ತಿದ್ದಾರೆ, ದೊಡ್ಡಪ್ಪ ಕಲಿಸುತ್ತಿದ್ದಾರೆ ಎಂದು ನನಗೆ ಹಿಗ್ಗು. ಅವರು ಮತ್ತೆ ಬಿಡು ಎಂದರು. ನಾನು ಮತ್ತೆ ಬಿಟ್ಟೆ. ಅವರು ಎರಡೂ ಕೈ ಬೀಸಿದರು. ನಾನು ಸರಿ ಸರಿ ಎಂದು ತಲೆಯಾಡಿಸಿದೆ. ಮೇಲೆ ಬಾ ಎಂದೂ ಕೂಗಿದ್ದರಂತೆ, ನೀರಿನ ಸದ್ದು ಅದನ್ನು ನುಂಗಿತ್ತು. ನೀರು ಸೊಂಟಕ್ಕೆ ಬಂತು. ಕಾಲಡಿಯ ಕಲ್ಲು ಜಾರುತ್ತಿದೆ ಎನಿಸಿದಾಗ ಮೊದಲ ಸಲ ಹೆದರಿಕೆಯಾಯಿತು. ಆದರೂ ಕೋಲನ್ನು ಇನ್ನಷ್ಟು ಎತ್ತಿ ಹಿಡಿದೆನೇ ಹೊರತು ಬೇರೇನೂ ತೋಚಲಿಲ್ಲ. ಅದು ಎಷ್ಟು ಹಗುರವಿತ್ತೆಂದರೆ, ಬಿಡುವುದಕ್ಕೆ ಕೈಯಲ್ಲಿ ಏನೋ ಇದೆ ಎನ್ನುವುದೇ ಹೊಳೆಯಲಿಲ್ಲ.

ಮತ್ತೊಮ್ಮೆ ದಡದ ಕಡೆ ತಿರುಗಿದೆ. ದೊಡ್ಡಪ್ಪ ಕೂಗುವುದನ್ನು ನಿಲ್ಲಿಸಿದ್ದರು. ನೀರಿನ ಅಂಚಿಗೆ ಬಂದು, ತಮ್ಮ ಕೋಲನ್ನು ನನಗೆ ಕಾಣುವಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಗೋಡೆಯ ಗೂಟದ ಮೇಲಿರುತ್ತಿದ್ದ ಅದೇ ಕೋಲು. ವರ್ಷಗಟ್ಟಲೆ ಹೆರೆದದ್ದು, ನನಗೂ ಮುಟ್ಟಗೊಡದೆ ಇದ್ದದ್ದು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅವರು ಬೆರಳು ಬಿಚ್ಚಿದರು. ಕೋಲು ನೀರಿಗೆ ಬಿತ್ತು. ಒಮ್ಮೆ ಮುಳುಗಿ, ತುದಿಯನ್ನು ಮೇಲೆತ್ತಿ ನಡುಗಿಸುತ್ತಾ, ಹೊಳೆಯ ಜೊತೆ ತಿರುವಿನಲ್ಲಿ ಮರೆಯಾಯಿತು.

ಆಗ ನನಗೆ ಆ ಮಾತು ತಿಳಿಯಿತು.

ನಾನು ಕೈ ಬಿಟ್ಟೆ. ನನ್ನ ಕೋಲು, ಮೀನು, ಊರೆಲ್ಲ ಸಾರಿದ್ದ ಪಂತ ಎಲ್ಲವೂ ಒಟ್ಟಿಗೆ ಹೋದವು. ಎರಡೂ ಕೈ ಬರಿದಾದ ಕ್ಷಣದಲ್ಲೇ ಕಾಲು ಜಾರಿ ಬಿದ್ದೆ. ನೀರು ನನ್ನನ್ನು ದಡದ ಕಡೆಗೆ ಉರುಳಿಸಿತು. ಕಣ್ಣು, ಮೂಗಿನ ತುಂಬ ನೀರು. ಏನೋ ದಪ್ಪನೆಯದು ಭುಜಕ್ಕೆ ಬಡಿಯಿತು, ಅದನ್ನು ತಬ್ಬಿಕೊಂಡೆ. ಎಳೆದು ದಡಕ್ಕೆ ಹಾಕಿದ ಮೇಲೆ ನೋಡಿದರೆ ಅದು ಹನುಮೇಗೌಡರ ತೊಲೆಕೋಲು. ಸೊಂಟದವರೆಗೆ ನೀರಿಗಿಳಿದು ಚಾಚಿ ಹಿಡಿದಿದ್ದರು, ಇಬ್ಬರು ಅವರ ನಡುಪಟ್ಟಿ ಹಿಡಿದು ನಿಂತಿದ್ದರು. ಒಲೆಗೆ ಹಾಕಿ ಎಂದಿದ್ದ ಕೋಲು ನನ್ನನ್ನು ಉಳಿಸಿತ್ತು. ಅವರು ಅದರ ಮಾತೆತ್ತಲಿಲ್ಲ. ತಮ್ಮ ಪಂಚೆಯನ್ನೇ ಹಿಂಡಿ ನನ್ನ ತಲೆ ಒರೆಸಿದರು.

ದೊಡ್ಡಪ್ಪ ಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. ಬೈಯುತ್ತಾರೆಂದು ನಾನು ಕಾದೆ. ನಿಮ್ಮ ಕೋಲು ಹೋಯಿತಲ್ಲ ದೊಡ್ಡಪ್ಪ ಎಂದು ನಾನೇ ಅತ್ತೆ. ಅವರು ನನ್ನ ಮುಂಗೈ ಹಿಡಿದು, ಅಲ್ಲೇನೋ ಹುಡುಕುವವರಂತೆ ಹೆಬ್ಬೆರಳಿನಿಂದ ಸವರುತ್ತಾ ಹೇಳಿದರು:

“ನಿಮ್ಮಪ್ಪ ನಿಂತಿದ್ದೂ ಇದೇ ಬಂಡೆ ಮೇಲೆ ಕಣ್ ಮಗಾ. ಅವತ್ತೂ ನಾನು ಬಿಡು ಅಂತ್ಲೇ ಕೂಗ್ದೆ. ಅವನು ದಾರ ಬಿಟ್ಟ. ನನ್ ಕಡೆ ನೋಡಿ ನಗ್ತಾ ನಗ್ತಾ ಬಿಟ್ಟ.”

ಅವತ್ತು ಹೊಳೆಯಲ್ಲಿ ಅವರಿಬ್ಬರೇ ಇದ್ದರಂತೆ. ಅಪ್ಪನ ಕೋಲು ಭಾರದ್ದು, ಕುಣಿಕೆ ಮುಂಗೈಗೆ ಬಿಗಿದಿತ್ತು. ಕೋಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು, ಅಪ್ಪನನ್ನು ಮೇಲೇಳಲು ಬಿಡಲಿಲ್ಲ. ಕುಣಿಕೆ ಬಿಚ್ಚುವಷ್ಟು ಹೊತ್ತನ್ನು ಹೊಳೆ ಕೊಡಲಿಲ್ಲ. ಇಷ್ಟನ್ನೂ ಅವರು ನೆಲ ನೋಡುತ್ತಾ ಹೇಳಿದರು. ಇಪ್ಪತ್ತು ವರ್ಷ ನನಗೆ ಸಿಗದಿದ್ದ ಅಪ್ಪ ಅಲ್ಲಿ, ಒದ್ದೆ ಹುಲ್ಲಿನ ಮೇಲೆ, ನಗುನಗುತ್ತಾ ಸಿಕ್ಕಿದರು.

“ಕೋಲು ಹಗುರ ಆದ್ರೆ ಬಿಡೋದೂ ಹಗುರ ಆಯ್ತದೆ ಅಂದ್ಕೊಂಡಿದ್ದೆ,” ಎಂದರು ದೊಡ್ಡಪ್ಪ. “ಅದಕ್ಕೇ ಹೆರೆದೂ ಹೆರೆದೂ ಇಟ್ಟೆ. ಹಗುರ ಮಾಡ್ದಷ್ಟೂ ಕೈಗೆ ಅಂಟ್ಕೊಳ್ತಲ್ಲ ಮಗಾ.”

ಹನುಮೇಗೌಡರು ಜೇಬಿನಿಂದ ಅಡಕತ್ತರಿ ತೆಗೆದು ತಮ್ಮ ಕೋಲಿನ ಕುಣಿಕೆಯನ್ನು ಕತ್ತರಿಸಿ ಹೊಳೆಗೆ ಎಸೆದರು.

ಊರಿನಲ್ಲಿ ಆ ಮಾತು ಬದಲಾದದ್ದು ಅಂದಿನಿಂದ. ದಾರಕ್ಕೆ ‘ಕೊಡು’ ಎನ್ನತೊಡಗಿದರು. ಯಾರೂ ಕೂತು ತೀರ್ಮಾನಿಸಿದ್ದಲ್ಲ. ಬಿಡು ಎನ್ನಲು ಹೋದವರ ನಾಲಿಗೆ ತಾನೇ ತಡವರಿಸುತ್ತಿತ್ತು. ಈಗ ಹೊಸದಾಗಿ ಗಾಳ ಕಲಿಯುವವರೂ ಕೊಡು ಕೊಡು ಎಂದೇ ಕೂಗುತ್ತಾರೆ, ಯಾಕೆಂದು ಅವರಿಗೆ ಗೊತ್ತಿಲ್ಲ. ದೊಡ್ಡಪ್ಪ ಮತ್ತೆ ಬಿದಿರು ಸೀಳಿದರು. ಹೊಸ ಕೋಲು ಮುಗಿದ ಮೇಲೆ ಒಂದು ಹೊಸ ಪಾಠವೂ ಶುರುವಾಯಿತು. ನಾನು ನಡುಮನೆಯಲ್ಲಿ ಕೋಲು ಹಿಡಿದು ನಿಲ್ಲಬೇಕು. ಅವರು ಪೇಪರ್ ಓದುತ್ತಲೋ ಮೂಗಿಗೆ ನಶ್ಯ ಏರಿಸುತ್ತಲೋ ಇರುವವರು ಇದ್ದಕ್ಕಿದ್ದಂತೆ ‘ಬಿಡು’ ಎನ್ನುತ್ತಿದ್ದರು. ಆ ಗಳಿಗೆಯಲ್ಲೇ ಕೋಲು ಚಾಪೆಯ ಮೇಲೆ ಬಿದ್ದಿರಬೇಕು. ಒಂದು ಉಸಿರು ತಡವಾದರೂ ಭಾನುವಾರ ಹೊಳೆ ಇಲ್ಲ. ಮದುವೆಯಾಗಬೇಕಾದ ಹುಡುಗಿಗೆ ಇದೇನು ಕವಾಯತು ಎಂದು ದೊಡ್ಡಮ್ಮ ಗೊಣಗುತ್ತಿದ್ದರು. ಒಮ್ಮೆ ಅವರ ಕೈಯಲ್ಲಿದ್ದ ಸೌಟೂ ಬಿಡು ಎಂದ ಕೂಡಲೇ ನೆಲಕ್ಕೆ ಬಿತ್ತು. ಅಂದು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಾಲ ಕಳೆದು ದೊಡ್ಡಪ್ಪ ಹಾಸಿಗೆ ಹಿಡಿದರು. ಮಾತು ನಿಂತಿತ್ತು. ಒಂದು ಮಧ್ಯಾಹ್ನ ಗೋಡೆಯ ಕಡೆ ಕೈ ತೋರಿಸಿದರು. ನಾನು ಗೂಟದಿಂದ ಕೋಲು ಇಳಿಸಿ ಅವರ ಅಂಗೈಯಲ್ಲಿಟ್ಟೆ. ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಹಾಗೆಯೇ ಜೋಂಪು ಹತ್ತಿತು. ನಿದ್ದೆಯಲ್ಲೂ ಹಿಡಿತ ಸಡಿಲವಾಗಲಿಲ್ಲ, ಗೆಣ್ಣುಗಳು ಬೆಳ್ಳಗಾಗಿದ್ದವು. ಹುಬ್ಬು ಗಂಟಿಕ್ಕಿತ್ತು. ಅವರು ಯಾವ ದಡದಲ್ಲಿ ನಿಂತಿದ್ದಾರೆಂದು ನನಗೆ ತಿಳಿಯಿತು. ಕಿವಿಯ ಹತ್ತಿರ ಬಾಗಿದೆ.

“ಬಿಡಿ, ದೊಡ್ಡಪ್ಪ,” ಎಂದೆ.

ಬೆರಳುಗಳು ಬಿಚ್ಚಿಕೊಂಡವು. ಕೋಲು ಸದ್ದಿಲ್ಲದೆ ಚಾಪೆಗೆ ಜಾರಿತು. ಅದರ ತುದಿ ಇನ್ನೂ ಬಹಳ ಹೊತ್ತು ಅವರ ಉಸಿರಿಗೆ ನಡುಗುತ್ತಿತ್ತು, ಆಮೇಲೆ ನಿಂತಿತು.