ಸ್ಥಾನಪಲ್ಲಟದ ಪಾಠ

ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಸೀಸೆ ತೊಳೆಯುವವನು. ರಸಾಯನಶಾಸ್ತ್ರದ ಆನ್‌ಲೈನ್ ಕೋರ್ಸು ಮುಗಿಸಿ ಮೌಖಿಕ ಪರೀಕ್ಷೆ ಪಾಸಾದರೆ, ಸೀಸೆಯೊಳಗೆ ಏನಿದೆ ಅಂತ ನೋಡುವ ಕೆಲಸ ಕೊಡುತ್ತೇವೆ ಎಂದಿದ್ದರು. ಇಲ್ಲದಿದ್ದರೆ ಬ್ರಷ್ಷೇ ಗತಿ. ಓದಿದ್ದು ಬಿ.ಎ. ಆಮ್ಲ ಅಂದರೆ ನನಗೆ ನೆನಪಾಗುತ್ತಿದ್ದುದು ಆಮ್ಲೆಟ್. ಮೋಲ್ ಲೆಕ್ಕವಂತೂ ಮೊಲದ ಹಾಗೆ ಕೈಗೆ ಸಿಗದೆ ಓಡುತ್ತಿತ್ತು.

ಪಾಠ ಹೇಳುವವರು ಬೋಳುತಲೆಯ ಮೇಷ್ಟ್ರು. ಎಂದೋ ರೆಕಾರ್ಡ್ ಮಾಡಿಟ್ಟ ವಿಡಿಯೋ. ಸೂತ್ರ ಬರೆದಾಗಲೆಲ್ಲ ಗಂಟಲು ಕೆರೆದು, "ಗೊತ್ತಾಯ್ತೇನಪ್ಪಾ?" ಎಂದು ಕೇಳಿ, ಉತ್ತರಕ್ಕೆ ಕಾಯುವವರಂತೆ ಸುಮ್ಮನಾಗುತ್ತಿದ್ದರು. ಆ ಖಾಲಿ ಜಾಗ ಕಂಡರೆ ನನಗೆ ನಾಲಿಗೆ ತುರಿಕೆ. ಅವರದೇ ದನಿಯಲ್ಲಿ, ಅವರದೇ ಕೆಮ್ಮು ಕೆಮ್ಮಿ, "ಗೊತ್ತಾಯ್ತು ಕಣಪ್ಪಾ!" ಎನ್ನುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

"ಲೋ, ಮಾತಾಡಿದ್ದು ನೀನೋ ಅವರೋ ಅಂತಾನೇ ಗೊತ್ತಾಗಲ್ಲ ಕಣೋ!"

"ಅವರು ಕ್ರಿಯೆ, ನಾನು ಪ್ರತಿಕ್ರಿಯೆ."

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸ್ಥಾನಪಲ್ಲಟದ ಪಾಠ. ಮೇಷ್ಟ್ರು ತಾಮ್ರ ಕರಗಿದ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಬಿಟ್ಟರು. "ಚುರುಕಾದ ಲೋಹ ಒಳಗೆ ಸೇರ್ಕೊಳ್ಳುತ್ತೆ, ಮಂದವಾದದ್ದನ್ನ ಹೊರಗೆ ತಳ್ಳುತ್ತೆ. ಗೊತ್ತಾಯ್ತೇನಪ್ಪಾ?"

ಎಂದಿನಂತೆ ಅಣಕಿಸಿದೆ.

ಪರದೆಯ ಮೇಲಿನ ಮೇಷ್ಟ್ರು ನಕ್ಕರು. "ಲೋ, ಬಾಯಿ ಮುಚ್ಕೊಂಡು ಕೇಳೋ" ಎಂದರು.

ನನ್ನ ದನಿಯಲ್ಲಿ.

"ಶಹಬ್ಬಾಸ್, ಒಬ್ಬನೇ ಎರಡು ದನಿ!" ಅಂದಳು ಅಕ್ಕ, ತಲೆ ಎತ್ತದೆ.

ಅದು ನಾನಲ್ಲ ಎಂದು ಹೇಳಹೋದೆ. ಬಾಯಿಂದ ಹೊರಟದ್ದು ಮೇಷ್ಟ್ರ ಗೊಗ್ಗರು ದನಿ. ಅವಳಿಗೆ ಇನ್ನೂ ನಗು. "ಸಾಕು ನಿಲ್ಸೋ, ಹೊಟ್ಟೆ ನೋಯುತ್ತೆ." ನಿಲ್ಲಿಸುವುದು ಹೇಗೆ? ಹಳೆಯ ಪಾಠಗಳನ್ನು ತೆರೆದು ನೋಡಿದೆ. ಮೊದಲನೆಯದರಿಂದಲೂ ಪಾಠ ಹೇಳುತ್ತಿದ್ದುದು ನನ್ನ ದನಿಯೇ. ಕೆಮ್ಮು ಮಾತ್ರ ಅಲ್ಲಿರಲಿಲ್ಲ. ಅದು ನನ್ನ ಎದೆಯಲ್ಲಿತ್ತು.

ಮಾರನೆಯ ದಿನ ಪರದೆಯ ಮೇಲೆ ಪರೀಕ್ಷಕಿ ಬಂದರು. "ಸ್ಥಾನಪಲ್ಲಟಕ್ಕೆ ಉದಾಹರಣೆ ಹೇಳಿ."

ಬಾಯಿ ತೆರೆದೆ. ಬರೀ ಕೆಮ್ಮು. ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ನನ್ನ ದನಿ ಉತ್ತರ ಹೇಳತೊಡಗಿತು. ಕಬ್ಬಿಣ, ತಾಮ್ರ, ಸತು ಎಲ್ಲವೂ ಸರಾಗ. ಮೋಲ್ ಲೆಕ್ಕವನ್ನೂ ಕಿವಿ ಹಿಡಿದು ತಂದು ನಿಲ್ಲಿಸಿತು.

"ಅದ್ಭುತ. ಪಾಸಾದ್ರಿ" ಎಂದು ಪರೀಕ್ಷಕಿ ಹೋದರು. ಅವರಿದ್ದ ಜಾಗದಲ್ಲಿ ಒಂದು ಮುಖ ಮೂಡಿತು. ನನ್ನದು.

ಅಡುಗೆಮನೆಯಿಂದ ಅಮ್ಮ ಓಡಿ ಬಂದಳು. "ಪಾಸಾದ್ಯೇನೋ ನನ್ ಕಂದಾ?"

"ಆದೆ ಅಮ್ಮಾ" ಎಂದಿತು ಪರದೆ.

ಅಮ್ಮ ನನ್ನನ್ನು ದಾಟಿ ಬಗ್ಗಿ, ಒದ್ದೆಗೈಯನ್ನು ಸೆರಗಿಗೆ ಒರೆಸಿಕೊಂಡು, ಪರದೆಯ ಕೆನ್ನೆ ಸವರಿದಳು. ಅವಳ ಸೆರಗು ಹಿಡಿದು ಎಳೆದೆ. ಬೆಚ್ಚಿ ಹಿಂದೆ ಸರಿದು, ಸೆರಗು ಸರಿಮಾಡಿಕೊಂಡು, ಪರಿಚಯವಿಲ್ಲದವರಿಗೆ ನಗುವಂತೆ ನಕ್ಕಳು.

"ಎಲ್ಲಾ ನಿಮ್ಮಿಂದಾನೇ ಆಗಿದ್ದು ಮೇಷ್ಟ್ರೇ. ಹೊರಡೋ ಮುಂಚೆ ಒಂದು ಲೋಟ ನೀರಾದ್ರೂ ಕುಡೀರಿ."

ಅಕ್ಕ ಆಗಲೇ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತಿದ್ದಳು.